ರೂಟ್ ಕೊಡದೆ ಮೌಂಟ್ ಮಾಡಲು ಬಿಡಬಹುದೇ?

ಲ್ಯಾಬಿನ ವಿದ್ಯಾರ್ಥಿಗಳಿಗೆ ರೂಟ್ ಅಧಿಕಾರವಿಲ್ಲದೆಯೇ ಮೌಂಟ್ ಮಾಡಲು ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಬಹುದು, ಆದರೆ ಎಲ್ಲ ಫೈಲ್‌ಸಿಸ್ಟಮ್‌ಗಳಿಗೂ ಅಲ್ಲ. 2013ರ ಲಿನಕ್ಸ್ 3.8ರಿಂದ ಸಾಮಾನ್ಯ ಬಳಕೆದಾರರೂ ತಮ್ಮದೇ ನೇಮ್‌ಸ್ಪೇಸ್ ತೆರೆದು, ಅದರೊಳಗೆ ಮಾತ್ರ ರೂಟ್ ಆಗಬಲ್ಲರು. ಹಾಗಿದ್ದೂ ಎಕ್ಸ್‌ಟಿ4ರಂಥ ಡಿಸ್ಕ್ ಫೈಲ್‌ಸಿಸ್ಟಮ್‌ಗೆ ತಡೆ ಏಕೆ? ಅದರ ಕೋಡ್ ಓಡುವುದು ಕರ್ನಲ್ ಒಳಗೆ. ಕೇಡೆಣಿಸಿ ತಿದ್ದಿದ ಒಂದು ಡಿಸ್ಕ್ ಇಮೇಜ್ ಇಡೀ ಯಂತ್ರವನ್ನೇ ಕೆಡವಬಹುದು. ಫ್ಯೂಸ್ ಎಂಬ ವ್ಯವಸ್ಥೆಯಲ್ಲಾದರೆ ಇಮೇಜನ್ನು ಓದುವುದು ಕರ್ನಲ್‌ನ ಹೊರಗಿರುವ ಸಾಮಾನ್ಯ ಪ್ರೋಗ್ರಾಮ್, ಹಾಗಾಗಿಯೇ ಲಿನಕ್ಸ್ 4.18ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನೇಮ್‌ಸ್ಪೇಸನ್ನೇ ಮುಚ್ಚಿಬಿಡಿ ಎನ್ನುವವರ ಭಯವೂ ಸುಳ್ಳಲ್ಲ: ಮೌಂಟ್ ಆಯ್ಕೆಗಳನ್ನು ಓದುವ ಕೋಡಿನಲ್ಲಿ 2022ರಲ್ಲಿ ಸಿಕ್ಕ ದೋಷ ಇದೇ ದಾರಿಯಲ್ಲಿ ನಿಜವಾದ ರೂಟ್ ಅಧಿಕಾರವನ್ನು ಕೈಗಿಡುತ್ತಿತ್ತು. ಆದರೆ ಮುಚ್ಚಿದರೆ ರೂಟ್‌ಲೆಸ್ ಕಂಟೇನರ್‌ಗಳೂ ನಿಲ್ಲುತ್ತವೆ, ಆಮೇಲೆ ಕಂಡಕಂಡವರಿಗೆ ಸುಡೋ ಹಂಚಬೇಕಾಗುತ್ತದೆ. ಅದು ಇನ್ನೂ ದೊಡ್ಡ ಅಪಾಯ. ಫ್ಯೂಸ್ ಕೊಡಿ, ಕರ್ನಲ್ ಅಪ್‌ಡೇಟನ್ನು ಮಾತ್ರ ಒಂದು ದಿನವೂ ಮುಂದೂಡಬೇಡಿ.