ಮಾರ್ಪಡಿಸಿದ ಹಳೆಯ ಪಿಕಪ್ ವಾಹನ: ಕೊಳ್ಳುವ ಮುನ್ನ ಪರೀಕ್ಷೆ ಹೇಗೆ?



ಆನೇಕಲ್ ಕಡೆಯವರಿಗೆ ಎಲೆಕ್ಟ್ರಾನಿಕ್ ಸಿಟಿ, ಹೊಸಕೋಟೆಯವರಿಗೆ ವೈಟ್‌ಫೀಲ್ಡ್, ನೆಲಮಂಗಲದವರಿಗೆ ಪೀಣ್ಯ ಕೂಗಳತೆಯ ದೂರದಲ್ಲಿವೆ. ಅಲ್ಲಿನ ಕಾರ್ಖಾನೆಗಳಿಗೆ ಬಿಡಿಭಾಗ, ಕಚೇರಿಗಳಿಗೆ ನೀರಿನ ಕ್ಯಾನು, ಕ್ಯಾಂಟೀನುಗಳಿಗೆ ದಿನಸಿ ಹೊತ್ತು ದಣಿದ ಪಿಕಪ್ ವಾಹನಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಇವುಗಳ ಜೊತೆಗೆ ಈಗ ಇನ್ನೊಂದು ಬಗೆಯೂ ಸೇರಿದೆ. ಹವ್ಯಾಸಕ್ಕಾಗಿ ಎತ್ತರಿಸಿ, ದಪ್ಪ ಟೈರು ಹಾಕಿಸಿ, ಕಾಡುರಸ್ತೆಯ ಸ್ಪರ್ಧೆಗಳಲ್ಲಿಯೋ ರ‍್ಯಾಲಿಗಳಲ್ಲಿಯೋ ಓಡಿಸಿ, ಮನಸ್ಸು ತಣಿದ ಮೇಲೆ ಮಾರುವ ಪಿಕಪ್‌ಗಳು. ಎರಡೂ ಬಗೆಯವು ನೋಡಲು ಗಟ್ಟಿಮುಟ್ಟು; ಬೆಲೆಯೂ ಹೊಸದಕ್ಕಿಂತ ಬಹಳ ಕಡಿಮೆ. ಹೀಗಾಗಿ ಟೊಮೇಟೊ, ಹೂವು, ಸೊಪ್ಪು ಸಾಗಿಸುವ ರೈತರ ಕಣ್ಣು ಇವುಗಳ ಮೇಲೆ ಬೀಳುವುದು ಸಹಜ.

ಬೆಳೆ ವಿಜ್ಞಾನಿಗೇಕೆ ವಾಹನದ ಗೊಡವೆ ಎಂದು ಕೆಲವರು ಕೇಳಬಹುದು. ಹೊಲದಲ್ಲಿ ಜೋಪಾನವಾಗಿ ಬೆಳೆದ ಹಣ್ಣು ಮಾರುಕಟ್ಟೆಯ ದಾರಿಯಲ್ಲಿ ಜಜ್ಜಿಹೋಗುವುದನ್ನು ಹಲವು ಸಲ ಕಂಡಿದ್ದೇನೆ. ಅದರಲ್ಲಿ ವಾಹನದ ಪಾಲೂ ಇದೆ.

ಮೊದಲು ತೂಕ ಹಾಕಿಸಿ

ಸಾಮಾನ್ಯವಾಗಿ ಎಲ್ಲರೂ ಮೊದಲು ಎಂಜಿನ್ ಸದ್ದು ಕೇಳುತ್ತಾರೆ. ನನ್ನ ಸಲಹೆ ಬೇರೆ. ವಾಹನವನ್ನು ಖಾಲಿಯಾಗಿ ಹತ್ತಿರದ ವೇ ಬ್ರಿಡ್ಜಿಗೆ ಒಯ್ದು ತೂಗಿಸಿರಿ. ಆ ತೂಕವನ್ನು ಆರ್.ಸಿ.ಯಲ್ಲಿ ಬರೆದಿರುವ ಖಾಲಿ ತೂಕದೊಡನೆ ಹೋಲಿಸಿರಿ.

ಉದಾಹರಣೆಗೆ, ಆರ್.ಸಿ.ಯಲ್ಲಿ ಒಟ್ಟು ತೂಕ 2,900 ಕಿಲೋ, ಖಾಲಿ ತೂಕ 1,600 ಕಿಲೋ ಎಂದಿರಲಿ. ಆಗ ಹೇರಬಹುದಾದ ಸರಕು 1,300 ಕಿಲೋ. 15 ಕಿಲೋ ಟೊಮೇಟೊ ಕ್ರೇಟಿನ ಲೆಕ್ಕದಲ್ಲಿ 86 ಕ್ರೇಟು. ಹಿಂದಿನ ಮಾಲೀಕ ಕಬ್ಬಿಣದ ಎತ್ತರದ ಕಟಾಂಜನ, ದಪ್ಪ ತಗಡು, ಮುಂದೆ ದೊಡ್ಡ ಬಂಪರು ಸೇರಿಸಿ 200 ಕಿಲೋ ಏರಿಸಿದ್ದರೆ, ಪ್ರತಿ ಬಾರಿಯೂ ನಿಮ್ಮ 13 ಕ್ರೇಟಿನ ಜಾಗವನ್ನು ಆ ಕಬ್ಬಿಣವೇ ತಿನ್ನುತ್ತದೆ. ಲೆಕ್ಕಿಸದೆ 86 ಕ್ರೇಟನ್ನೇ ಹೇರಿದಿರೋ, ಅದು ಹೆಚ್ಚುವರಿ ಹೊರೆ. 2019ರ ತಿದ್ದುಪಡಿಯ ನಂತರ ಇದಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ.

ಕಮಾನು ಪಟ್ಟಿಗಳ ವಿಚಾರ

ಹಿಂದಿನ ಗಾಲಿಯ ಬಳಿ ಬಗ್ಗಿ ಕಮಾನು ಪಟ್ಟಿಗಳನ್ನು, ಅಂದರೆ ಸ್ಪ್ರಿಂಗ್ ಪ್ಲೇಟುಗಳನ್ನು, ಎಣಿಸಿರಿ. ಒಂದೆರಡು ಪಟ್ಟಿಗಳ ಬಣ್ಣ, ತುಕ್ಕು, ದಪ್ಪ ಉಳಿದವಕ್ಕಿಂತ ಬೇರೆಯಿದ್ದರೆ ಅವನ್ನು ಅನಂತರ ಸೇರಿಸಿದ್ದಾರೆಂದೇ ತಿಳಿಯಬೇಕು. ಮಾರುವವನು ಇದನ್ನು ‘ಎಕ್ಸ್‌ಟ್ರಾ ಸ್ಟ್ರಾಂಗ್’ ಎಂದು ಹೊಗಳುತ್ತಾನೆ. ವಾಸ್ತವದಲ್ಲಿ ಪಟ್ಟಿ ಹೆಚ್ಚಾದ ಮಾತ್ರಕ್ಕೆ ಚಾಸಿಯ, ಆಕ್ಸಲಿನ, ಬ್ರೇಕಿನ ಶಕ್ತಿ ಹೆಚ್ಚುವುದಿಲ್ಲ. ಮಿತಿಮೀರಿ ಹೇರಿದ್ದಕ್ಕೆ ಅದು ಸಾಕ್ಷಿ, ಅಷ್ಟೆ.

ಇನ್ನು ಹಣ್ಣಿನ ಗತಿ. ಬಿಗಿಯಾದ ಸ್ಪ್ರಿಂಗು ಅರ್ಧ ಹೊರೆಗೆ ಬಾಗುವುದೇ ಇಲ್ಲ. ಗುಂಡಿಯ ಪೆಟ್ಟು ನೇರವಾಗಿ ಕ್ರೇಟಿಗೆ ತಾಗುತ್ತದೆ. ಮೇಲಿನ ಕ್ರೇಟಿನ ಹಣ್ಣು ಕುಣಿದು ಒಂದಕ್ಕೊಂದು ಉಜ್ಜಿಕೊಳ್ಳುತ್ತದೆ, ತಳದ್ದು ಜಜ್ಜುತ್ತದೆ. ಗಾಯ ಅಂದೇ ಕಾಣದು. ಮರುದಿನ ಮೆತ್ತಗಾಗಿ, ಅಲ್ಲಿಂದ ಕೊಳೆ ಹತ್ತುತ್ತದೆ. ಸ್ಪರ್ಧೆಗಾಗಿ ಬಿಗಿಗೊಳಿಸಿದ ವಾಹನದಲ್ಲೂ ಇದೇ ಪಾಡು. ಸ್ಪರ್ಧೆಯಲ್ಲಿ ಗೆದ್ದ ಗಾಡಿ ಟೊಮೇಟೊಗೆ ಒಳ್ಳೆಯದೆಂಬ ನಿಯಮವೇನೂ ಇಲ್ಲವಷ್ಟೆ!

ಚಾಸಿ ಪರೀಕ್ಷೆ

ಹಗಲು ಬೆಳಕಿನಲ್ಲಿ, ತೊಳೆಯದ ವಾಹನವನ್ನೇ ನೋಡುವುದು ಮೇಲು. ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನಿಸತಕ್ಕದ್ದು. ಕಮಾನು ಪಟ್ಟಿಯ ತುದಿ ಚಾಸಿಗೆ ಸೇರುವ ಕೊಂಡಿಗಳ ಬಳಿ ಬಿರುಕು ಮೊದಲು ಕಾಣಿಸಿಕೊಳ್ಳುತ್ತದೆ. ಅಲ್ಲಿ ವೆಲ್ಡಿಂಗ್ ಗೆರೆಯಿದ್ದರೆ, ಎಷ್ಟೇ ಅಂದವಾಗಿರಲಿ, ಆ ವಾಹನವನ್ನು ಬಿಟ್ಟುಬಿಡುವುದು ಲೇಸು. ಪೀಣ್ಯದಲ್ಲಿ ವೆಲ್ಡಿಂಗ್ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಆದರೆ ಬಗ್ಗಿದ ಚಾಸಿ ವೆಲ್ಡಿಂಗಿನಿಂದ ಹುಟ್ಟು ಶಕ್ತಿ ಪಡೆಯುವುದಿಲ್ಲ. ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ತಗಡಿನ ಮೇಲೆ ಆಡಿಸಿದರೆ, ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ.

ಸ್ಪರ್ಧೆಯಲ್ಲಿ ಓಡಿದ ಪಿಕಪ್‌ಗೆ ಬೇರೆ ಗುರುತುಗಳಿವೆ. ರಕ್ಷಣಾ ಕೊಳವೆಗಳ ಚೌಕಟ್ಟನ್ನು ಬಿಚ್ಚಿದ್ದರೆ ನೆಲದ ತಗಡಿನಲ್ಲಿ ಮುಚ್ಚಿದ ಬೋಲ್ಟ್ ರಂಧ್ರಗಳಿರುತ್ತವೆ. ಕೆಲವರು ಕೆಸರಿನಲ್ಲಿ ಎರಡೂ ಹಿಂಗಾಲಿ ಒಟ್ಟಿಗೆ ತಿರುಗಲೆಂದು ಡಿಫರೆನ್ಷಿಯಲ್ ಅನ್ನೇ ವೆಲ್ಡ್ ಮಾಡಿಸಿರುತ್ತಾರೆ. ಗಟ್ಟಿ ನೆಲದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಸಿರಿ. ಹಿಂಗಾಲಿ ಉಜ್ಜಿ ಕಿರುಗುಟ್ಟಿ, ಗಾಡಿ ತಡವರಿಸಿದರೆ ಅಂತಹ ವಾಹನ ರಸ್ತೆಗೆ ತಕ್ಕುದಲ್ಲ. ಎತ್ತರಿಸಿದ ಗಾಡಿಯಲ್ಲಿ ಬ್ರೇಕಿನ ರಬ್ಬರ್ ಕೊಳವೆ ಬಿಗಿದು ಎಳೆದಂತಿದೆಯೇ ನೋಡಿರಿ. ಅಂತಹ ಗಾಡಿಗೆ ಮೇಲಿನವರೆಗೆ ಸರಕು ಹೇರಿದರೆ ತಿರುವಿನಲ್ಲಿ ಉರುಳುವ ಭಯ ಹೆಚ್ಚು.

ದೊಡ್ಡ ಟೈರು ಮೀಟರನ್ನೂ ಸುಳ್ಳಾಗಿಸುತ್ತದೆ. 28 ಅಂಗುಲ ಎತ್ತರದ ಗಾಲಿಗೆ ಬದಲಾಗಿ 31 ಅಂಗುಲದ್ದು ಹಾಕಿ ಓಡಿಸಿದ್ದರೆ, ಮೀಟರು 1,00,000 ಕಿ.ಮೀ. ತೋರಿಸುವಾಗ ಗಾಡಿ 1,10,000ಕ್ಕೂ ಮಿಕ್ಕಿ ಓಡಿರುತ್ತದೆ. ಟೈರಿನ ಪಕ್ಕೆಯಲ್ಲಿರುವ ನಾಲ್ಕಂಕಿಯ ಸಂಖ್ಯೆಯನ್ನೂ ಓದಿರಿ. 2319 ಎಂದರೆ 2019ನೇ ವರ್ಷದ 23ನೇ ವಾರ ತಯಾರಾದ ಟೈರು.

ಎಂಜಿನ್

ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಮರಳಿ ಬಂದು, ಇನ್ನೊಂದು ದಿನ ಮುಂಜಾನೆ ಹೋಗಿರಿ. ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ನೋಡಬೇಕು. ನೀರಿನಲ್ಲಿ ಎಣ್ಣೆ ತೇಲುತ್ತಿದ್ದರೆ, ಅಥವಾ ಎಂಜಿನ್ ಆಯಿಲು ಮಜ್ಜಿಗೆಯಂತಾಗಿದ್ದರೆ, ಮುಂದೆ ಮಾತು ಬೇಡ. ನಂತರ ಚಾಲೂ ಮಾಡಿಸಿರಿ. ನೀಲಿ ಹೊಗೆ ಆಯಿಲು ಉರಿಯುತ್ತಿರುವುದನ್ನೂ, ದಟ್ಟ ಕಪ್ಪು ಹೊಗೆ ಡೀಸೆಲ್ ಅತಿಯಾಗಿ ಬಿಟ್ಟಿರುವುದನ್ನೂ ಸೂಚಿಸುತ್ತದೆ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಡೀಸೆಲ್ ಪಿಕಪ್‌ಗಳಲ್ಲಿ ಮಸಿ ತಡೆಯುವ ಶೋಧಕವಿದ್ದರೆ ಹೊಗೆ ಕೊಳವೆಯ ಬಾಯಿ ಹೆಚ್ಚುಕಡಿಮೆ ಶುಭ್ರವಾಗಿರಬೇಕು. ಎಂಜಿನ್ ತಣ್ಣಗಿರುವಾಗ ಬೆರಳಾಡಿಸಿ ನೋಡಿ. ದಪ್ಪ ಮಸಿ ಹತ್ತಿದರೆ ಶೋಧಕ ಕೆಟ್ಟಿದೆ, ಇಲ್ಲವೇ ಯಾರೋ ಕಿತ್ತಿದ್ದಾರೆ.

ಕಾಗದಪತ್ರ

ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಮೋಟಾರು ವಾಹನ ಕಾಯಿದೆಯಂತೆ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಸಿ.ಎನ್.ಜಿ. ಕಿಟ್ ಹಾಕಿದ್ದರೆ ಅದು ಆರ್.ಸಿ.ಯಲ್ಲಿ ನಮೂದಾಗಿರಬೇಕು; ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದ ಪತ್ರವೂ ಬೇಕು. ಹವ್ಯಾಸದ ಪಿಕಪ್‌ಗಳಲ್ಲಿ ಬಹುಪಾಲು ಬಿಳಿ ಬೋರ್ಡಿನವು. ಅವುಗಳಲ್ಲಿ ಬಾಡಿಗೆಗೆ ಸರಕು ಸಾಗಿಸುವಂತಿಲ್ಲ. ಪಕ್ಕದ ಹೊಲದವರ ಹೂವನ್ನೂ ಹೇರಿ ನಾಲ್ಕು ಕಾಸು ಗಳಿಸುವ ಎಣಿಕೆಯಿದ್ದರೆ ಹಳದಿ ಬೋರ್ಡಿನದೇ ಬೇಕು.

ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಆರ್.ಸಿ.ಯೊಡನೆ ಅಕ್ಷರಕ್ಷರ ತಾಳೆ ನೋಡಿರಿ. ಎಫ್.ಸಿ., ವಿಮೆ, ಸಾಲದ ನಮೂದುಗಳನ್ನು ಎಂಪರಿವಾಹನ್ ಆ್ಯಪಿನಲ್ಲಿ ನೋಡಬಹುದು. ಸಾಲವಿದ್ದರೆ ಸಾಲಕೊಟ್ಟವರು ಸಹಿ ಮಾಡಿದ ನಮೂನೆ 35 ಕೈಸೇರದೆ ಪೂರ್ತಿ ಹಣ ಕೊಡಬೇಡಿ. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿ, ಕೆ.ಆರ್. ಪುರ, ಎಲೆಕ್ಟ್ರಾನಿಕ್ ಸಿಟಿ, ನೆಲಮಂಗಲ ಮುಂತಾದ ಸಂಬಂಧಪಟ್ಟ ಆರ್.ಟಿ.ಓ. ಕಚೇರಿಯಲ್ಲಿ 30 ದಿನಗಳೊಳಗೆ ಹೆಸರು ವರ್ಗಾಯಿಸಿಕೊಳ್ಳಬೇಕು. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿರಿ. ನಿಮ್ಮ ಹಳೆಯ ಗಾಡಿಯನ್ನು ಬದಲಿಗೆ ಕೊಡುತ್ತಿದ್ದರೆ ಅದರ ವರ್ಗಾವಣೆಯನ್ನೂ ಬೆನ್ನುಹತ್ತಿ ಮುಗಿಸಿರಿ. ಕೈಯಿಂದ ಕೈಗೆ ಮಾರಾಟವಾದ ವಾಹನದ ಅಪಘಾತಕ್ಕೆ ದಾಖಲೆಯಲ್ಲಿ ಹೆಸರಿರುವವನೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.