ಶಸ್ತ್ರಚಿಕಿತ್ಸೆಯ ತರುವಾಯದ ವಿಶ್ರಾಂತಿ



ಕಳೆದ ಮಳೆಗಾಲದಲ್ಲಿ ನನಗೆ ಹರ್ನಿಯಾದ ಶಸ್ತ್ರಚಿಕಿತ್ಸೆಯಾಯಿತು. ತೊಡೆಯ ಸಂದಿಯ ಬಳಿ ಹೊಟ್ಟೆಯ ಗೋಡೆಯು ದುರ್ಬಲವಾಗಿ ಕರುಳಿನ ಒಂದು ಭಾಗವು ಹೊರಕ್ಕೆ ಚಾಚುವುದೇ ಈ ವ್ಯಾಧಿ. “ಮೆಲ್ಲನೆ ನಡೆದಾಡಿರಿ, ಆದರೆ ಆರು ವಾರ ಭಾರ ಎತ್ತಬೇಡಿ” ಎಂದು ಹೇಳಿ ವೈದ್ಯರು ಮನೆಗೆ ಕಳುಹಿಸಿದರು.

ಹತ್ತನೆಯ ದಿನ ಹೊಲಿಗೆ ಬಿಚ್ಚಿದರು. ಅದೇ ಸಂಜೆ ನಾನು ನೀರು ತುಂಬಿದ ಕೊಡಪಾನಕ್ಕೆ ಕೈಯಿಕ್ಕಿದೆನು. ಮನೆಯಾಕೆ ತಡೆದು, “ಹೊಲಿಗೆ ತೆಗೆದರೆ ಆಯಿತೇ? ಒಳಗೆ ಒಣಗಬೇಡವೇ?” ಎಂದಳು. ಆ ಮಾತು ಶಾಸ್ತ್ರಸಮ್ಮತವಾದುದು. ಹೇಗೆಂಬುದನ್ನು ನೋಡೋಣ.

ಗಾಯವಾದ ಕೆಲವು ನಿಮಿಷಗಳಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ. ಮೊದಲ ಕೆಲವು ದಿನ ಬಿಳಿಯ ರಕ್ತಕಣಗಳು ರೋಗಾಣುಗಳನ್ನೂ ಸತ್ತ ಅಂಶಗಳನ್ನೂ ತೆಗೆದುಹಾಕುತ್ತವೆ. ಸ್ವಲ್ಪ ಊತ, ಬಿಸಿ, ನೋವು ಆಗ ಸಹಜ. ಬಳಿಕ ಕೊಲಾಜೆನ್ ಎಂಬ ನಾರುಗಳು ಹುಟ್ಟಿ ಗಾಯದ ಎರಡು ಅಂಚುಗಳನ್ನು ಬೆಸೆಯುತ್ತವೆ. ಮೇಲಿನ ಚರ್ಮವು ಬೇಗನೆ ಕೂಡಿಕೊಂಡರೂ, ವಾರ ಕಳೆದಾಗ ಗಾಯದ ಬಲವು ಮೊದಲಿನ ಬಲದ ಸುಮಾರು ಶೇಕಡಾ 10 ಮಾತ್ರ. ಅದು ಶೇಕಡಾ 70–80ಕ್ಕೆ ಏರಲು ಸುಮಾರು ಮೂರು ತಿಂಗಳು ಬೇಕು.

ಹಾಗೆಂದು ಸದಾ ಮಲಗಿರುವುದು ವಿಶ್ರಾಂತಿಯಲ್ಲ. ಅಲುಗಾಡದ ಕಾಲಿನಲ್ಲಿ ರಕ್ತದ ಚಲನೆ ಮಂದವಾಗಿ ಹೆಪ್ಪು ಉಂಟಾಗಬಹುದು. ಅದು ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಾಪಾಯ. ಆದುದರಿಂದ ನಾನು ದಿನಕ್ಕೆ ನಾಲ್ಕಾರು ಸಲ ಜಗಲಿಯಲ್ಲಿ ನಡೆದು, ಉಳಿದ ಹೊತ್ತು ಓದುತ್ತಲೋ ಅಡಿಕೆ ತೋಟದ ಮೇಲೆ ಸುರಿಯುವ ಮಳೆಯನ್ನು ನೋಡುತ್ತಲೋ ಕಳೆದೆನು.

ನಂಜೆಂದು ಹೇಳಿ ಬೇಳೆ, ಮೊಟ್ಟೆ, ಮೀನುಗಳನ್ನು ಬಿಡಿಸುವ ರೂಢಿ ನಮ್ಮಲ್ಲಿದೆ. ಹೊಸ ಅಂಗಾಂಶವು ಹುಟ್ಟುವುದು ಸಸಾರಜನಕದಿಂದಲೇ. ವೈದ್ಯರು ಬೇಡವೆನ್ನದಿದ್ದರೆ ಇವುಗಳನ್ನು ಅವರವರ ಪದ್ಧತಿಯಂತೆ ಉಣ್ಣಬೇಕು. ನೆಲ್ಲಿಕಾಯಿ, ಪೇರಳೆಗಳಲ್ಲಿರುವ ಸಿ ಜೀವಸತ್ವವೂ ಕೊಲಾಜೆನ್ನಿಗೆ ಅವಶ್ಯ. ಜ್ವರ, ಕೀವು, ಹರಡುವ ಕೆಂಪು, ಮೀನಖಂಡದ ಬಾವು ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಆ ನಿಶ್ಶಬ್ದ ದಿನಗಳಲ್ಲಿ ಒಂದು ಹಳೆಯ ಸಂಗತಿ ನನ್ನನ್ನು ಬಾಧಿಸಿತು. ಹಲವು ವರ್ಷಗಳ ಹಿಂದೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದ ಬಾಲಕನೊಬ್ಬನು ಮೂರನೆಯ ವಾರದಲ್ಲಿ ಶಾಲೆಗೆ ಮರಳಿದ್ದನು. ವಾರ್ಷಿಕೋತ್ಸವಕ್ಕಾಗಿ ಎಲ್ಲರೂ ಬೆಂಚು ಸಾಗಿಸುವಾಗ ಅವನು ದೂರ ನಿಂತಿದ್ದುದನ್ನು ಕಂಡು, “ಮೈಗಳ್ಳ” ಎಂದು ಗದರಿಸಿದೆನು. ಅವನು ಮರುಮಾತಿಲ್ಲದೆ ಬೆಂಚಿಗೆ ಕೈಹಚ್ಚಿದನು. ಮರುದಿನ ಅವನ ತಾಯಿ ಬಂದು, “ಮಾಷ್ಟ್ರೇ, ಗಾಯ ಅಂಗಿಯ ಒಳಗುಂಟು, ನಿಮಗೆ ಕಾಣುವುದು ಹೇಗೆ?” ಎಂದಷ್ಟೇ ಹೇಳಿ ಹೋದರು. ದೈವಕೃಪೆಯಿಂದ ಬಾಲಕನಿಗೆ ಕೇಡಾಗಲಿಲ್ಲ. ಆದರೆ ಆ ಪ್ರಶ್ನೆಗೆ ನಾನಂದು ಉತ್ತರ ಕೊಡಲಿಲ್ಲ.

ಉತ್ತರ ಇದು. ಚಿಕಿತ್ಸೆಯಾಗಿ ಮರಳುವ ವಿದ್ಯಾರ್ಥಿಯ ಮನೆಯವರು ವೈದ್ಯರ ಚೀಟಿಯನ್ನು ನನಗೆ ತಲುಪಿಸಲಿ. ಅದರಲ್ಲಿ ಹೇಳಿದ ದಿನದವರೆಗೆ ಅವನಿಗೆ ಕವಾಯತೂ ಭಾರದ ಕೆಲಸವೂ ಇಲ್ಲ. ಅವನ ಪುಸ್ತಕದ ಚೀಲವನ್ನು ಸಹಪಾಠಿಯೊಬ್ಬನು ಹೊರಲಿ. ಕಾಣದ ಗಾಯವನ್ನು ನಂಬುವುದನ್ನು ಕಲಿಯುವುದೂ ವಿದ್ಯೆಯೇ. ನಾನು ಅದನ್ನು ತಡವಾಗಿ ಕಲಿತೆನು.