ಮೂತಿಯ ಮೇಲೆ ಕೊಂಬಿದ್ದ ವಿಮಾನ

ಪ್ರಶ್ನೆ: ಎರಡನೇ ಮಹಾಯುದ್ಧದ ಫೋಟೋವೊಂದರಲ್ಲಿ ಸ್ವಿಟ್ಜರ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಜರ್ಮನಿಯ ಯುದ್ಧವಿಮಾನ ನಿಂತಿದೆ. ಮೂತಿಯ ತುಂಬ ಕೊಂಬಿನಂಥ ಸರಳುಗಳು, ಪಕ್ಕದಲ್ಲಿ 'ಸಿ9+ಇಎನ್' ಎಂಬ ಬರಹ. ಇದು ಯಾವುದು?

ಉತ್ತರ: ಕೊಂಬು ಆಮೇಲೆ, ಮೊದಲು ಅಕ್ಷರ ನೋಡಿ. ನಡುವಿನ ಗುರುತು ಜರ್ಮನ್ ವಾಯುಪಡೆಯ ಶಿಲುಬೆ. ಅದರ ಎಡಕ್ಕಿರುವ 'ಸಿ9' ಎಂದರೆ ರಾತ್ರಿ ಕಾದಾಡುವ ಐದನೇ ದಳ. ಬಲಕ್ಕಿರುವ 'ಇ' ಈ ಒಂದು ವಿಮಾನದ್ದೇ ಅಕ್ಷರ. 'ಎನ್' ಅದರ ತುಕಡಿಯದು. ಎರಡು ಎಂಜಿನ್, ಜೋಡಿ ಬಾಲ: ಮೆಸ್ಸರ್‌ಶ್ಮಿಟ್ 110ರ ಜಿ-4 ಮಾದರಿ.

ಈ ಜಾತಿಯ ವಿಮಾನ ಅಪರೂಪವಲ್ಲ. ಅಪರೂಪವಾದದ್ದು ಅದರ ಮೈಮೇಲಿದ್ದ ಎರಡು ಗುಟ್ಟು. ಆ ಕೊಂಬುಗಳು ಎಸ್‌ಎನ್-2 ರೇಡಾರಿನ ಆಂಟೆನಾಗಳು. ಬ್ರಿಟಿಷರು ಆಕಾಶದಿಂದ ಲೋಹದ ಹಾಳೆಯ ಚೂರುಗಳನ್ನು ಸುರಿದು ಹಳೆಯ ರೇಡಾರಿನ ಕಣ್ಣು ಕಟ್ಟಿದ್ದರು. ಬೇರೆ ತರಂಗಾಂತರದ ಈ ಹೊಸದು ಅದಕ್ಕೆ ಬಗ್ಗಲಿಲ್ಲ. ಇನ್ನೊಂದು, ಚಾಲಕನ ಹಿಂದೆ ಓರೆಯಾಗಿ ಮೇಲಕ್ಕೆ ಮುಖ ಮಾಡಿ ಕೂರಿಸಿದ ತೋಪುಗಳು. ಬ್ರಿಟಿಷ್ ಬಾಂಬರುಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯಡಿ ಕಾವಲಿರಲಿಲ್ಲ. ಸದ್ದಿಲ್ಲದೆ ಕೆಳಗೆ ನುಸುಳಿ ಗುಂಡು ಹಾರಿಸಿದರೆ, ಯಾರು ಹೊಡೆದರೆಂದು ಮೇಲಿನವರಿಗೆ ತಿಳಿಯುವುದರೊಳಗೆ ಎಲ್ಲ ಮುಗಿದಿರುತ್ತಿತ್ತು.

1944ರ ಏಪ್ರಿಲ್ 28ರ ನಸುಕಿಗೆ ಮುಂಚೆ, ಫ್ರೀಡ್ರಿಕ್ಸ್‌ಹಾಫನ್ ಮೇಲೆ ದಾಳಿಗೆ ಬಂದ ಬಾಂಬರುಗಳನ್ನು ಬೆನ್ನಟ್ಟುತ್ತಿದ್ದ ವಿಲ್ಹೆಲ್ಮ್ ಯೋಹ್ನನ್ ಎಂಬ ಚಾಲಕ, ಒಂದು ಎಂಜಿನ್ ಕೆಟ್ಟು ಜ್ಯೂರಿಕ್ ಬಳಿಯ ಡ್ಯೂಬೆಂಡಾರ್ಫ್‌ನಲ್ಲಿ ಇಳಿದ. ಜರ್ಮನಿಗೆ ನಡುಕ ಹುಟ್ಟಿತು. ತಟಸ್ಥ ದೇಶವೇನೋ ನಿಜ, ಆದರೆ ಆ ಮೈದಾನದಿಂದ ಸುದ್ದಿ ಲಂಡನ್ನಿಗೆ ಹೋಗುವುದಿಲ್ಲವೆಂದು ನಂಬುವವರಾರು? ಕೊನೆಗೆ ಮಾತುಕತೆಯಲ್ಲಿ ಒಪ್ಪಂದವಾಯಿತು. ಸ್ವಿಸ್ಸರು ಈ ಒಂದು ವಿಮಾನವನ್ನು ಸುಡಬೇಕು. ಪ್ರತಿಯಾಗಿ ಜರ್ಮನಿ ಅವರಿಗೆ 12 ಮೆಸ್ಸರ್‌ಶ್ಮಿಟ್ 109 ಜಿ-6 ವಿಮಾನಗಳನ್ನು ಮಾರುತ್ತದೆ, ಒಂದಕ್ಕೆ 5 ಲಕ್ಷ ಫ್ರಾಂಕಿನಂತೆ. ಮೇ ತಿಂಗಳಲ್ಲಿ ಡ್ಯೂಬೆಂಡಾರ್ಫ್‌ನಲ್ಲೇ ಅದನ್ನು ಸ್ಫೋಟಿಸಿ ಸುಟ್ಟರು. ನಿಮ್ಮ ಕೈಯಲ್ಲಿರುವ ಫೋಟೋ ಆ ಕೆಲವೇ ವಾರಗಳದ್ದು.

ಇಷ್ಟು ಬೆಲೆ ತೆತ್ತು ಕಾಪಾಡಿದ ರೇಡಾರಿನ ಗುಟ್ಟು ಎರಡು ತಿಂಗಳೂ ಉಳಿಯಲಿಲ್ಲ. ಜುಲೈ 13ರಂದು ದಾರಿ ತಪ್ಪಿದ ಯುಂಕರ್ಸ್ 88 ವಿಮಾನವೊಂದು ಅದೇ ಎಸ್‌ಎನ್-2 ಹೊತ್ತುಕೊಂಡು ನೇರವಾಗಿ ಇಂಗ್ಲೆಂಡಿನ ವುಡ್‌ಬ್ರಿಜ್‌ನಲ್ಲಿ ಇಳಿಯಿತು.